ಪುಣ್ಯಶ್ಲೋಕ ಮಾತೋಶ್ರೀ ಅಹಲ್ಯಾಬಾಯಿ ಹೋಳ್ಕರ್

ಗಯಾಕ್ಷೇತ್ರಕ್ಕೆ ಹೋಗಿ ವಿಷ್ಣುಪಾದದ ಸನ್ನಿಧಿಯಲ್ಲಿ ಪಿತೃಗಳಿಗೆ ಪಿಂಡಪ್ರದಾನ ಮಾಡಿ ಬಂದ ಕುಟುಂಬಗಳು ನಮ್ಮ ವಾಚಕರಲ್ಲಿ ಬಹಳವಾಗಿವೆ. ಅಲ್ಲಿಯ ಕಗ್ಗಲ್ಲಿನ ಮಂಟಪದಲ್ಲಿ ಕುಳಿತು ತಂದೆ, ತಾತ, ಮುತ್ತಾತಂದಿರ ಹೆಸರುಗಳನ್ನು ಗೋತ್ರಸಹಿತವಾಗಿ ಉಚ್ಚರಿಸುವಾಗ ಆ ದೇವಾಲಯವನ್ನು ಕಟ್ಟಿಸಿದವರು ಯಾರೆಂಬ ವಿಚಾರ ಎಷ್ಟೋ ಮಂದಿಗೆ ಹೊಳೆದಿರಲಾರದು. ಅದನ್ನು 1787ರಲ್ಲಿ ಕಟ್ಟಿಸಿದವಳು ಮಾಳವ ದೇಶವನ್ನು ಆಳುತ್ತಿದ್ದ ಒಬ್ಬ ವಿಧವೆ. ಹೋಳ್ಕರ್ ಮನೆತನಕ್ಕೆ ಹಿರಿಯ ಸೊಸೆಯಾಗಿ ಬಂದು, ಕಡೆಗೆ ಆ ಮನೆತನಕ್ಕೂ ಅದರ ರಾಜ್ಯಕ್ಕೂ ತಾಯಿಯಾಗಿ ನಿಂತ ಅಹಲ್ಯಾಬಾಯಿ. ವಂಶಸ್ಥರು ತಮ್ಮ ಹಿರಿಯರಿಗೆ ಪಿಂಡವಿಡುವ ಸ್ಥಾನವನ್ನು ಲೋಕಕ್ಕೆ ಕಟ್ಟಿಕೊಟ್ಟ ಆಕೆಯ ಸ್ವಂತ ಸಂತತಿ ಮಾತ್ರ ಆಕೆಯ ಕಣ್ಣೆದುರಿಗೇ ಮುಗಿದುಹೋಯಿತು. ಗಂಡ, ಮಗ, ಮೊಮ್ಮಗ, ಅಳಿಯ, ಮಗಳು ಎಲ್ಲರನ್ನೂ ಕಳುಹಿಸಿಕೊಟ್ಟು ಆಕೆ ಉಳಿದಳು. ಮಹಾರಾಷ್ಟ್ರದವರು ಆಕೆಯನ್ನು ಪುಣ್ಯಶ್ಲೋಕ ಎಂಬ ವಿಶೇಷಣದೊಡನೆ ಸ್ಮರಿಸುತ್ತಾರೆ. ಮಾಳವದವರು ಮಾತೋಶ್ರೀ ಎನ್ನುತ್ತಾರೆ.

ಅಹಲ್ಯಾಬಾಯಿ ಹುಟ್ಟಿದ್ದು 1725ನೆಯ ಇಸವಿ ಮೇ 31ರಂದು, ವಿಶ್ವಾವಸು ಸಂವತ್ಸರದಲ್ಲಿ. 2025ರಲ್ಲಿ ಆಕೆಯ ಮುನ್ನೂರನೆಯ ಜಯಂತಿ ಬಂದಾಗ ಅರವತ್ತು ಸಂವತ್ಸರಗಳ ಚಕ್ರ ಐದು ಸಲ ಪೂರ್ತಿ ತಿರುಗಿ ಮತ್ತೆ ವಿಶ್ವಾವಸುವೇ ನಡೆದಿತ್ತೆಂಬುದು ಪಂಚಾಂಗವನ್ನು ನಿತ್ಯ ನೋಡುವವರಿಗೆ ಸಂತೋಷವನ್ನುಂಟುಮಾಡುವ ಸಂಗತಿ. ಹುಟ್ಟೂರು ಚೌಂಡಿ ಎಂಬ ಚಿಕ್ಕ ಗ್ರಾಮ. ಹಿಂದಿನ ಅಹಮದ್‌ನಗರ ಜಿಲ್ಲೆಯದು. ಆ ಜಿಲ್ಲೆಗೆ ಈಗ ಅಹಲ್ಯಾನಗರವೆಂದೇ ಹೆಸರಾಗಿದೆ. ತಂದೆ ಮಾಣಕೋಜಿ ಶಿಂದೆ ಆ ಊರಿನ ಪಾಟೀಲ. ಧನಗರರು, ಎಂದರೆ ಕುರಿ ಸಾಕುವ ಕುಲದವರು. ದೊಡ್ಡ ಐಶ್ವರ್ಯವಿಲ್ಲದಿದ್ದರೂ ಮರ್ಯಾದೆಯಿದ್ದ ಮನೆ. ಹೆಣ್ಣುಮಕ್ಕಳಿಗೆ ಅಕ್ಷರ ಕಲಿಸುವ ವಾಡಿಕೆ ಇಲ್ಲದ ಆ ಕಾಲದಲ್ಲಿ ತಂದೆ ಮಗಳಿಗೆ ಓದುಬರಹ ಕಲಿಸಿದನೆಂದು ಹೇಳುತ್ತಾರೆ. ಮುಂದೆ ಆಕೆ ಪುರಾಣಗಳನ್ನು ತಾನೇ ಓದಿ ಅರ್ಥ ಹೇಳಬಲ್ಲವಳಾಗಿದ್ದಳೆಂಬುದನ್ನು ನೋಡಿದರೆ ಈ ಮಾತನ್ನು ನಂಬಬಹುದು.

ಪೇಶ್ವೆ ಮೊದಲನೆಯ ಬಾಜೀರಾಯನ ಸರದಾರರಲ್ಲಿ ಅಗ್ರಗಣ್ಯನಾಗಿದ್ದ ಮಲ್ಹಾರರಾವ್ ಹೋಳ್ಕರ್ ಒಮ್ಮೆ ಚೌಂಡಿಯ ಮಾರ್ಗವಾಗಿ ಬಂದು, ಊರ ದೇವಸ್ಥಾನದಲ್ಲಿ ಈ ಬಾಲಿಕೆಯನ್ನು ಕಂಡು, ಆಕೆಯ ಭಕ್ತಿಯನ್ನೂ ನಡೆನುಡಿಯನ್ನೂ ಮೆಚ್ಚಿ ಸೊಸೆಯಾಗಿ ತಂದುಕೊಂಡನೆಂಬುದು ಪರಂಪರೆಯಿಂದ ಬಂದ ಕಥೆ. ಮಲ್ಹಾರರಾಯನೂ ಧನಗರ ಕುಲದವನೇ. ಜೇಜೂರಿಯ ಸಮೀಪದ ಹೋಳ ಎಂಬ ಊರಿನಲ್ಲಿ 1693ರಲ್ಲಿ ಹುಟ್ಟಿ, ಕತ್ತಿಯ ಬಲದಿಂದ ಮಾಳವದ ಒಡೆತನವನ್ನು ಸಂಪಾದಿಸಿದವನು. 1733ರಲ್ಲಿ ಅವನ ಏಕಮಾತ್ರ ಪುತ್ರ ಖಂಡೇರಾಯನೊಡನೆ ಅಹಲ್ಯೆಯ ವಿವಾಹ ನೆರವೇರಿತು. ಆಗ ವಧುವಿಗೆ ಎಂಟು ವರ್ಷ.

ಈ ಮನೆಯಲ್ಲಿ ಆಕೆಗೆ ದೊರೆತ ಮೊದಲ ಗುರು ಅತ್ತೆ ಗೌತಮಾಬಾಯಿ. ಮಲ್ಹಾರರಾಯನ ಆಯುಷ್ಯದ ಬಹುಭಾಗ ಕುದುರೆಯ ಮೇಲೆಯೇ ಕಳೆಯಿತು. ಮನೆ, ಲೆಕ್ಕ, ದಾನಧರ್ಮ, ನೆಂಟರಿಷ್ಟರು ಇವೆಲ್ಲ ಗೌತಮಾಬಾಯಿಯ ಕೈಯಲ್ಲಿದ್ದುವು. 1734ರಲ್ಲಿ ಪೇಶ್ವೆ ಬಾಜೀರಾಯನು ಆಕೆಯ ಹೆಸರಿಗೆ ಪ್ರತ್ಯೇಕವಾದ ಜಹಗೀರು ಒಂದನ್ನು ಬರೆದುಕೊಟ್ಟಿದ್ದನು. ಅದರ ಉತ್ಪನ್ನಕ್ಕೆ ಖಾಸಗಿ ಎಂದು ಹೆಸರು. ರಾಜ್ಯದ ವರಮಾನಕ್ಕೆ ದೌಲತ್ತು ಎಂದು ಹೆಸರು. ಈ ಎರಡು ಶಬ್ದಗಳೂ ನಮ್ಮ ಕನ್ನಡದಲ್ಲಿ ನಿತ್ಯ ಬಳಕೆಯಲ್ಲಿವೆ. ಆದರೆ ಇವುಗಳ ನಡುವೆ ಒಂದು ಗೆರೆಯನ್ನೆಳೆದು ಜೀವಮಾನ ಪರ್ಯಂತ ಆ ಗೆರೆಯನ್ನು ದಾಟದೆ ಇದ್ದವರು ಎಷ್ಟು ಮಂದಿ? ಅತ್ತೆಯಿಂದ ಸೊಸೆಗೆ ಬಂದ ದೊಡ್ಡ ಆಸ್ತಿಯೆಂದರೆ ಈ ಖಾಸಗಿ ಜಹಗೀರು ಹಾಗೂ ಅದರೊಡನೆ ಬಂದ ಈ ವಿವೇಕ. ಮುಂದೆ ಹೇಳಲಿರುವ ಧರ್ಮಕಾರ್ಯಗಳಿಗೆಲ್ಲ ಮೂಲ ಇಲ್ಲಿದೆ.

ಮಾವನಿಂದ ಆಕೆ ಕಲಿತದ್ದು ಬೇರೆ ವಿದ್ಯೆ. ಮಗನಿಗೆ ರಾಜಕಾರ್ಯದಲ್ಲಿ ಆಸಕ್ತಿ ಕಡಿಮೆಯೆಂಬುದನ್ನು ಕಂಡುಕೊಂಡ ಮಲ್ಹಾರರಾಯನು ಸೊಸೆಗೆ ಕಂದಾಯದ ಲೆಕ್ಕ, ಪತ್ರವ್ಯವಹಾರ, ದಂಡಿನ ಸಾಮಗ್ರಿಗಳ ಸಿದ್ಧತೆ ಮೊದಲಾದುವನ್ನು ಒಪ್ಪಿಸುತ್ತ ಬಂದನು. 1765ರಲ್ಲಿ ಅವನು ಆಕೆಗೆ ಬರೆದ ಪತ್ರಗಳು ಉಳಿದಿವೆ. ತೋಪುಗಳನ್ನು ಸಾಗಿಸುವುದು, ಎರಕ ಹೊಯ್ಯಿಸುವುದು, ಅವುಗಳ ವೆಚ್ಚಕ್ಕೆ ಹಣ ಒದಗಿಸುವುದು ಇಂಥ ವಿಷಯಗಳನ್ನು ಹಿರಿಯ ಸೇನಾಪತಿಯೊಬ್ಬನು ತನ್ನ ನೆಚ್ಚಿನ ಅಧಿಕಾರಿಗೆ ಬರೆಯುವಂತೆ ಸೊಸೆಗೆ ಬರೆದಿದ್ದಾನೆ. ಮಾವ ಸೊಸೆಯರ ನಡುವೆ ಇಂಥ ವಿಶ್ವಾಸ ಇಂದಿನ ಮನೆಗಳಲ್ಲಿಯೂ ಸುಲಭವಾಗಿ ಕಾಣಸಿಗುವಂಥದಲ್ಲ.

ಆದರೆ ಆ ವೇಳೆಗಾಗಲೇ ಆಕೆ ವಿಧವೆಯಾಗಿ ಹನ್ನೊಂದು ವರ್ಷಗಳು ಕಳೆದಿದ್ದುವು. 1745ರಲ್ಲಿ ಪುತ್ರ ಮಾಲೇರಾಯನೂ 1748ರಲ್ಲಿ ಪುತ್ರಿ ಮುಕ್ತಾಬಾಯಿಯೂ ಜನಿಸಿದ ಮೇಲೆ, 1754ರಲ್ಲಿ ಮರಾಠಾ ಸೈನ್ಯವು ಭರತಪುರದ ಜಾಟ ಅರಸ ಸೂರಜಮಲ್ಲನ ಕುಂಭೇರ ಕೋಟೆಗೆ ಮುತ್ತಿಗೆ ಹಾಕಿತ್ತು. ಆ ಮುತ್ತಿಗೆಯಲ್ಲಿ ಕೋಟೆಯಿಂದ ಹಾರಿಬಂದ ಗುಂಡಿಗೆ ಖಂಡೇರಾಯನು ಬಲಿಯಾದನು. ಅಹಲ್ಯಾಬಾಯಿಗೆ ಇಪ್ಪತ್ತೊಂಬತ್ತು ತುಂಬಿರಲಿಲ್ಲ. ಖಂಡೇರಾಯನ ಇತರ ಪತ್ನಿಯರು ಚಿತೆಯೇರಿದರು. ಈಕೆಯೂ ಸಹಗಮನಕ್ಕೆ ಸಿದ್ಧಳಾಗಿ ನಿಂತಳು. ಆಗ ಅರವತ್ತು ದಾಟಿದ್ದ ಮಲ್ಹಾರರಾಯನು ಸೊಸೆಯ ಮುಂದೆ ಕಣ್ಣೀರಿಟ್ಟು, ಸತ್ತವಳು ಅಹಲ್ಯೆಯೆಂದೂ ಉಳಿದಿರುವವನು ತನ್ನ ಖಂಡೂವೆಂದೂ ತಿಳಿದುಕೊಳ್ಳುವೆನು, ಈ ಮುದುಕನನ್ನು ನಡುನೀರಿನಲ್ಲಿ ಕೈಬಿಡಬಾರದು ಎಂದು ಬೇಡಿಕೊಂಡನಂತೆ. ಆಕೆ ಚಿತೆಯ ಬಳಿಯಿಂದ ಹಿಂದಿರುಗಿದಳು. ಅಂದಿನಿಂದ ಬಿಳಿಯ ಸೀರೆಯನ್ನಲ್ಲದೆ ಬೇರೆ ಬಣ್ಣವನ್ನುಡಲಿಲ್ಲ. ಕುಲದ ಹಿರಿಯನೊಬ್ಬನು ಅಂದು ಲೋಕಾಪವಾದಕ್ಕೆ ಅಂಜದೆ ಆಡಿದ ಆ ಮಾತಿನಿಂದ ಮಾಳವಕ್ಕೆ ಮೂವತ್ತು ವರ್ಷಗಳ ನೆಮ್ಮದಿ ದೊರೆಯಿತು, ಭರತಖಂಡದ ಕ್ಷೇತ್ರಗಳಿಗೆ ಜೀರ್ಣೋದ್ಧಾರವಾಯಿತು. ಮುತ್ತಿಗೆಯಿಂದಾದರೋ ಏನೂ ಆಗಲಿಲ್ಲ. ಕೋಟೆ ಕೈಗೆ ಬರಲಿಲ್ಲ.

1761 ಪಾಣಿಪತ್ತಿನ ಯುದ್ಧದ ವರ್ಷ. ಅದೇ ವರ್ಷ ಗೌತಮಾಬಾಯಿ ತೀರಿಕೊಂಡಳು. 1766ರ ಮೇ 20ರಂದು ಆಲಂಪುರದ ಪಾಳೆಯದಲ್ಲಿ ಮಲ್ಹಾರರಾಯನು ಕಾಲವಶನಾದನು. ರಾಜ್ಯದ ಹಕ್ಕು ಮೊಮ್ಮಗ ಮಾಲೇರಾಯನಿಗೆ ಬಂತು. ಇಪ್ಪತ್ತೊಂದು ವರ್ಷದ ಆ ತರುಣನಿಗೆ ಚಿತ್ತಸ್ವಾಸ್ಥ್ಯವಿರಲಿಲ್ಲ. ತಾಯಿ ದಾನ ಕೊಡಲೆಂದು ಇರಿಸಿದ ಪಾತ್ರೆಗಳಲ್ಲಿ, ವಸ್ತ್ರಗಳಲ್ಲಿ ಚೇಳುಗಳನ್ನು ಅಡಗಿಸಿಟ್ಟು, ಬ್ರಾಹ್ಮಣರು ಕುಟುಕಿಸಿಕೊಂಡು ಕೂಗುವುದನ್ನು ಕಂಡು ನಗುತ್ತಿದ್ದನಂತೆ. ಮಗನ ಇಂಥ ಕೃತ್ಯಗಳಿಗೆ ತಾಯಿ ಅತ್ತು, ಪೆಟ್ಟು ತಿಂದವರಿಗೆ ಕ್ಷಮೆ ಬೇಡಿ, ದ್ರವ್ಯ ಕೊಟ್ಟು ಕಳುಹಿಸುತ್ತಿದ್ದಳು. ನಿರಪರಾಧಿಯೊಬ್ಬನನ್ನು ಸಂಶಯದಿಂದ ಕೊಲ್ಲಿಸಿದ ಮೇಲೆ ಅವನ ಉನ್ಮಾದ ವಿಪರೀತಕ್ಕೇರಿತು. ಸತ್ತವನ ಪ್ರೇತವೇ ಹಿಡಿದಿದೆಯೆಂದು ಜನ ನಂಬಿದರು. ತಾಯಿ ಹಗಲು ರಾತ್ರಿ ಹಾಸಿಗೆಯ ಪಕ್ಕದಲ್ಲಿ ಕುಳಿತು, ಗುಡಿ ಕಟ್ಟಿಸುವೆನು, ಅವನ ಮನೆಯವರಿಗೆ ಜಹಗೀರು ಕೊಡುವೆನು, ಮಗನನ್ನು ಬಿಟ್ಟುಬಿಡು ಎಂದು ಕಾಣದ ಆ ಜೀವವನ್ನು ಪ್ರಾರ್ಥಿಸುತ್ತಿದ್ದಳು. 1767ರ ಏಪ್ರಿಲ್ ತಿಂಗಳಿನಲ್ಲಿ ಅವನು ಸತ್ತನು. ಆಳಿದುದು ಒಂಬತ್ತು ತಿಂಗಳಿಗೆ ಮೀರಲಿಲ್ಲ. ದುಷ್ಟನಾದ ಮಗನನ್ನು ಅಹಲ್ಯಾಬಾಯಿಯೇ ಆನೆಯ ಕಾಲಿಗೆ ಹಾಕಿಸಿದಳೆಂಬ ಕಥೆಯೊಂದು ಉಪನ್ಯಾಸಗಳಲ್ಲಿ ಆಗಾಗ ಕೇಳಿಬರುವುದುಂಟು. ನ್ಯಾಯನಿಷ್ಠೆಯನ್ನು ಹೊಗಳುವ ಭರದಲ್ಲಿ ಹುಟ್ಟಿದ ಕಥೆ ಅದು, ಸತ್ಯವಲ್ಲ. ಆಕೆಯ ಕಾಲವನ್ನು ಕಂಡವರನ್ನು ವಿಚಾರಿಸಿದವರೇ ಅದನ್ನು ಅಲ್ಲಗಳೆದಿದ್ದಾರೆ. ಹಾಸಿಗೆಯ ಬಳಿ ಕುಳಿತು ಅತ್ತ ತಾಯಿಯ ನಿಜವಾದ ಚಿತ್ರವನ್ನು ಅಳಿಸಿ ಇಂಥದನ್ನು ಏಕೆ ಬರೆಯಬೇಕೋ ತಿಳಿಯದು.

ಮನೆಯಲ್ಲಿ ಗಂಡಸರಿಲ್ಲದಾಯಿತು. ಹಳೆಯ ದಿವಾನನಾದ ಗಂಗಾಧರ ಯಶವಂತನು ಯಾವನೋ ಒಂದು ಮಗುವನ್ನು ದತ್ತು ಮಾಡಿಸಿ, ಅಧಿಕಾರವನ್ನು ತನ್ನ ಕೈಯಲ್ಲಿಟ್ಟುಕೊಂಡು, ಅಹಲ್ಯಾಬಾಯಿಗೆ ಜೀವನಾಂಶವನ್ನು ಗೊತ್ತುಮಾಡಿ ಕೂರಿಸಬೇಕೆಂದು ಹವಣಿಸಿದನು. ಪೇಶ್ವೆ ಮಾಧವರಾಯನ ಚಿಕ್ಕಪ್ಪನಾದ ರಾಘೋಬಾನನ್ನು ತನ್ನ ಪಕ್ಷಕ್ಕೆ ಒಲಿಸಿಕೊಂಡನು. ಒಬ್ಬನ ಪತ್ನಿಯೂ ಇನ್ನೊಬ್ಬನ ತಾಯಿಯೂ ಆದ ತನಗೆ, ಉತ್ತರಾಧಿಕಾರಿಯನ್ನು ನಿರ್ಣಯಿಸುವ ಹಕ್ಕು ಬೇರೆಯವರಿಗಿಂತ ಹೆಚ್ಚಾಗಿದೆಯೆಂದು ಆಕೆ ಉತ್ತರ ಕೊಟ್ಟಳು. ರಾಘೋಬಾ ಸೈನ್ಯದೊಡನೆ ಉಜ್ಜಯಿನಿಯ ಕಡೆಗೆ ಹೊರಟುಬಂದಾಗ ಆಕೆ ತನ್ನ ಆನೆಯ ಅಂಬಾರಿಯ ನಾಲ್ಕು ಮೂಲೆಗಳಿಗೂ ಬಿಲ್ಲು ಬತ್ತಳಿಕೆಗಳನ್ನು ಕಟ್ಟಿಸಿ ಯುದ್ಧಕ್ಕೆ ಸಿದ್ಧಳಾದಳು. ಅದರೊಡನೆ ಅಕ್ಕಪಕ್ಕದ ಮರಾಠಾ ಸರದಾರರಿಗೆಲ್ಲ ಪತ್ರ ಬರೆಸಿ, ಇಂದು ಹೋಳ್ಕರರ ಮನೆಗೆ ಬಂದುದು ನಾಳೆ ಅವರವರ ಮನೆಗೂ ಬರಬಹುದೆಂದು ತಿಳಿಸಿದಳು. ಹೆಂಗಸನ್ನು ಗೆದ್ದರೆ ಕೀರ್ತಿಯಿಲ್ಲ, ಸೋತರೆ ಅಪಕೀರ್ತಿಗೆ ಮಿತಿಯಿಲ್ಲ ಎಂಬ ಅರ್ಥದ ಸಂದೇಶವನ್ನೂ ರಾಘೋಬಾನಿಗೆ ಮುಟ್ಟಿಸಿದಳೆಂದು ಹೇಳುತ್ತಾರೆ. ಕ್ಷಿಪ್ರಾ ನದಿಯ ತೀರದಲ್ಲಿ ರಾಘೋಬಾ ಮನಸ್ಸು ಬದಲಾಯಿಸಿದನು. ತಾನು ಬಂದುದು ಪುತ್ರಶೋಕದಲ್ಲಿದ್ದವಳಿಗೆ ಸಮಾಧಾನ ಹೇಳಲೆಂದು ಸಾರಿದನು. ಆಕೆಯೂ ಅವನನ್ನು ಅತಿಥಿಯಂತೆಯೇ ಉಪಚರಿಸಿ ಕಳುಹಿಸಿದಳು. ಪೇಶ್ವೆ ಮಾಧವರಾಯನು ರಾಜ್ಯಭಾರವನ್ನು ಆಕೆಗೇ ಮಾನ್ಯಮಾಡಿದನು. ಇದು 1767ರ ಮಾತು. ಬೇರೆ ಯಾರೇ ಆಗಿದ್ದರೂ ದಿವಾನನ ತಲೆ ಹೋಗುತ್ತಿತ್ತು. ಆಕೆ ಗಂಗಾಧರ ಯಶವಂತನನ್ನೂ ಕ್ಷಮಿಸಿದಳು.

ಸೈನ್ಯವನ್ನು ನಡೆಸಲು ತುಕೋಜಿ ಹೋಳ್ಕರ್ ಎಂಬವನನ್ನು ಆರಿಸಿದಳು. ಅವನು ಮಲ್ಹಾರರಾಯನ ಹತ್ತಿರದ ಬಂಧುವಲ್ಲ, ನಂಬಿಕೆಯ ಸೇನಾನಿ. ವಯಸ್ಸಿನಲ್ಲಿ ಅಹಲ್ಯಾಬಾಯಿಗಿಂತ ಎರಡು ವರ್ಷ ಹಿರಿಯ. ಆದರೂ ಕಡೆಯವರೆಗೂ ಆಕೆಯನ್ನು ತಾಯಿಯೆಂದೇ ಸಂಬೋಧಿಸುತ್ತಿದ್ದನು; ಅವನ ಮುದ್ರೆಯಲ್ಲಿ ಮಲ್ಹಾರರಾಯನ ಪುತ್ರನೆಂದು ಕೆತ್ತಿತ್ತು. ದಂಡಯಾತ್ರೆಗೆ ಹೋದವನು ಮೇಲಿಂದ ಮೇಲೆ ಹಣಕ್ಕಾಗಿ ಬರೆಯುವುದು, ಹಿಂದೆ ಕೊಟ್ಟುದಕ್ಕೆ ಲೆಕ್ಕವೆಲ್ಲಿ ಎಂದು ಆಕೆ ಕೇಳುವುದು ಇವೂ ಇದ್ದುವು. ತಾಯಿ ಮಗನೆಂದರೆ ಸದಾ ಒಮ್ಮತವೆಂದಲ್ಲವಷ್ಟೆ. ಹೀಗೆ ಮನಸ್ತಾಪಗಳಿದ್ದರೂ ಇಪ್ಪತ್ತೆಂಟು ವರ್ಷ ಈ ಜೋಡಿ ಆಡಳಿತ ಮುರಿದುಬೀಳಲಿಲ್ಲ.

ಆಕೆ ರಾಜಧಾನಿಯನ್ನು ನರ್ಮದಾತೀರದ ಮಹೇಶ್ವರಕ್ಕೆ ಬದಲಾಯಿಸಿದಳು. ಅಲ್ಲಿಯ ಅರಮನೆಯನ್ನು ನೋಡಿ ಬಂದವರಿಗೆ ಅದು ಅರಮನೆಯೆನಿಸುವುದಿಲ್ಲ. ಮರದ ಕಂಬಗಳ ಒಂದು ದೊಡ್ಡ ತೊಟ್ಟಿಮನೆಯಂತಿದೆ. ನದಿಗೆ ಇಳಿಯುವ ಘಟ್ಟಗಳು ಮಾತ್ರ ಭವ್ಯವಾದುವು. ನೇಕಾರರನ್ನು ಕರೆಸಿ ನೆಲೆಗೊಳಿಸಿ ಆ ಊರಿಗೆ ಒಂದು ಕಸುಬನ್ನು ಕೊಟ್ಟಳು; ಮಹೇಶ್ವರಿ ಸೀರೆಗಳೆಂದು ನಮ್ಮ ಮನೆಗಳಲ್ಲಿಯೂ ಹೆಂಗಸರು ಬಲ್ಲರು.

ಅಧಿಕಾರಕ್ಕೆ ಬಂದೊಡನೆ ಮಾಡಿದ ಮೊದಲ ಕೆಲಸವೆಂದರೆ, ತನ್ನ ಖಾಸಗಿ ಭಂಡಾರದ ದ್ರವ್ಯವನ್ನು ತುಳಸೀದಳ ಹಾಗೂ ಉದಕಗಳೊಡನೆ ಧರ್ಮಕಾರ್ಯಕ್ಕಾಗಿ ಸಂಕಲ್ಪ ಮಾಡಿ ಬಿಟ್ಟುದು. ತುಳಸಿಯಿಟ್ಟು ಧಾರೆಯೆರೆದ ಮೇಲೆ ಅದರಲ್ಲಿ ಸ್ವತ್ವ ಉಳಿಯದೆಂಬುದನ್ನು ನಮ್ಮವರಿಗೆ ಹೇಳಬೇಕಾಗಿಲ್ಲ. ರಾಘೋಬಾ ಒಮ್ಮೆ ಯುದ್ಧದ ವೆಚ್ಚಕ್ಕೆಂದು ಈ ದ್ರವ್ಯದಲ್ಲಿ ಪಾಲು ಕೇಳಿದಾಗ, ಅದು ದಾನವಾಗಿಹೋದ ದ್ರವ್ಯ, ಬ್ರಾಹ್ಮಣನಾದ ಅವನು ಮಂತ್ರಪೂರ್ವಕವಾಗಿ ದಾನವೆಂದು ಕೈಯೊಡ್ಡಿದರೆ ಕೊಡಲು ಅಡ್ಡಿಯಿಲ್ಲವೆಂದು ತಿಳಿಸಿದಳಂತೆ. ಅವನು ಮತ್ತೆ ಕೇಳಲಿಲ್ಲ. ಸೈನ್ಯ, ಕೋಟೆ, ನೌಕರರ ಸಂಬಳ ಇವೆಲ್ಲಕ್ಕೆ ದೌಲತ್ತಿನ ಹಣ. ಗುಡಿ, ಘಟ್ಟ, ಛತ್ರ, ಅನ್ನದಾನಗಳಿಗೆ ಖಾಸಗಿಯ ಹಣ. ಪ್ರಜೆಗಳ ಕಂದಾಯದಿಂದ ತನ್ನ ಪುಣ್ಯವನ್ನು ಆಕೆ ಕೊಳ್ಳಲಿಲ್ಲ.

ಆಕೆಯ ದಿನಚರಿ ನಮಗೆ ತಿಳಿದಿರುವುದು ಒಬ್ಬ ಪರದೇಶೀಯನಿಂದ. 1818ರ ಒಪ್ಪಂದದ ಅನಂತರ ಮಾಳವದ ಉಸ್ತುವಾರಿಗೆ ಬಂದ ಸರ್ ಜಾನ್ ಮಾಲ್ಕಂ ಎಂಬ ಬ್ರಿಟಿಷ್ ಸೇನಾಧಿಕಾರಿ, ಎಲ್ಲರೂ ಒಂದೇ ಬಾಯಿಂದ ಸ್ತುತಿಸುವ ಈ ಹೆಂಗಸಿನ ವಿಷಯ ಅತಿಶಯೋಕ್ತಿಯಿರಬೇಕೆಂದು ಸಂಶಯಪಟ್ಟು, ಆಕೆಯನ್ನು ಕಂಡಿದ್ದ ವೃದ್ಧರನ್ನು ಹುಡುಕಿ ಕೇಳಿದನು. ಕೇಳಿದಷ್ಟೂ ಅವನ ಗೌರವ ಹೆಚ್ಚಿತೇ ಹೊರತು ಕಡಿಮೆಯಾಗಲಿಲ್ಲ. ಅವನು ಸಂಗ್ರಹಿಸಿದ ಪ್ರಕಾರ ಆಕೆ ಸೂರ್ಯೋದಯಕ್ಕೆ ಒಂದು ಗಂಟೆ ಮುಂಚೆಯೇ ಎದ್ದು ಸ್ನಾನ ಪೂಜೆಗಳನ್ನು ಮುಗಿಸಿ, ನಿಗದಿಯಾದ ಹೊತ್ತಿನವರೆಗೆ ಪುರಾಣಶ್ರವಣ ಮಾಡಿ, ದಾನಗಳನ್ನು ಕೊಟ್ಟು, ಬ್ರಾಹ್ಮಣಭೋಜನವಾದ ಮೇಲೆ ತಾನು ಶಾಕಾಹಾರವನ್ನು ಸೇವಿಸುತ್ತಿದ್ದಳು. ಕುಲಧರ್ಮದಲ್ಲಿ ಮಾಂಸಾಹಾರಕ್ಕೆ ನಿಷೇಧವಿಲ್ಲದಿದ್ದರೂ ಅದನ್ನು ತ್ಯಜಿಸಿದ್ದಳು. ಸ್ವಲ್ಪ ವಿಶ್ರಾಂತಿಯ ಬಳಿಕ ಮಧ್ಯಾಹ್ನ ಎರಡು ಗಂಟೆಯಿಂದ ಸೂರ್ಯಾಸ್ತದವರೆಗೆ ದರ್ಬಾರು. ಪರದೆಯ ಮರೆಯಿಲ್ಲದೆ ಕುಳಿತು ಎಲ್ಲರ ಅಹವಾಲನ್ನೂ ತಾನೇ ಕೇಳುತ್ತಿದ್ದಳು. ಸಾಯಂಕಾಲದ ಪೂಜೆ, ಲಘು ಆಹಾರಗಳಾದ ಮೇಲೆ ರಾತ್ರಿ ಒಂಬತ್ತರಿಂದ ಹನ್ನೊಂದರವರೆಗೆ ಮತ್ತೆ ರಾಜಕಾರ್ಯ. ವ್ರತ, ಉಪವಾಸ, ಹಬ್ಬದ ದಿನಗಳಲ್ಲಲ್ಲದೆ ಈ ಕ್ರಮ ತಪ್ಪುತ್ತಿರಲಿಲ್ಲ. ಎತ್ತರದಲ್ಲಿ ಸಾಧಾರಣ, ಕೃಶ ಶರೀರ, ಶ್ಯಾಮಲ ವರ್ಣ.

ಆಜ್ಞಾಪತ್ರಗಳ ಮೇಲೆ ಶ್ರೀಶಂಕರನ ಹೆಸರನ್ನು ಬರೆಸುತ್ತಿದ್ದಳು. ರಾಜ್ಯ ಅವನದು, ತಾನು ನೋಡಿಕೊಳ್ಳುವವಳೆಂಬ ಭಾವ. ಆಕೆ ಆರಾಧಿಸಿದುದು ರುದ್ರದೇವರನ್ನು. ಆದರೂ ಗಯೆಯ ವಿಷ್ಣುಪಾದವನ್ನೂ ಪಂಢರಪುರದ ಶ್ರೀರಾಮದೇವರ ಗುಡಿಯನ್ನೂ ಕಟ್ಟಿಸುವಾಗ ಕೈ ಹಿಂದೆಗೆಯಲಿಲ್ಲ. ವೈಷ್ಣವಾಗ್ರೇಸರನಾದ ರುದ್ರದೇವರ ಅನುಗ್ರಹ ಹಾಗಲ್ಲದೆ ಇನ್ನು ಹೇಗೆ ಫಲಿಸೀತು?

ಆಕೆಯ ನ್ಯಾಯದ ಪ್ರಸಂಗಗಳಲ್ಲಿ ವಿಧವೆಯರ ಸಂಬಂಧವಾದುವೇ ಹೆಚ್ಚಾಗಿರುವುದು ಆಕಸ್ಮಿಕವಲ್ಲ. ಮಕ್ಕಳಿಲ್ಲದೆ ಸತ್ತ ಸಾಹುಕಾರನ ಸೊತ್ತು ಅರಮನೆಗೆ ಸೇರಬೇಕು, ಅಥವಾ ದತ್ತಕಕ್ಕೆ ಒಪ್ಪಿಗೆ ಬೇಕಾದರೆ ದೊಡ್ಡ ನಜರು ಸಲ್ಲಬೇಕು ಎಂಬುದು ಆ ಕಾಲದ ರೂಢಿ. ಇಂದೂರಿನಲ್ಲಿ ಒಬ್ಬ ಸಾಹುಕಾರನು ಹೀಗೆ ಸತ್ತಾಗ ತುಕೋಜಿಯು ಆ ಸೊತ್ತಿಗೆ ಕೈಯಿಕ್ಕಿದನು. ವಿಧವೆ ಮಹೇಶ್ವರಕ್ಕೆ ಬಂದು ಮೊರೆಯಿಟ್ಟಳು. ಅಹಲ್ಯಾಬಾಯಿಯು ಆಕೆಯ ಹಕ್ಕನ್ನು ಎತ್ತಿಹಿಡಿದು, ತುಕೋಜಿಗೆ ಊರಿನಿಂದಲೇ ದೂರ ಸರಿಯುವಂತೆ ಅಪ್ಪಣೆ ಕಳುಹಿಸಿದಳು. ಖರಗೋಣದಲ್ಲಿ ಸಾಹುಕಾರ ಸಹೋದರರಿಬ್ಬರು ಸಂತಾನವಿಲ್ಲದೆ ತೀರಿಕೊಂಡಾಗ ಅವರ ವಿಧವೆಯರು ತಾವಾಗಿಯೇ ಐಶ್ವರ್ಯವನ್ನೆಲ್ಲ ಆಕೆಗೆ ಒಪ್ಪಿಸಲು ಬಂದರು. ಆಕೆ ಮುಟ್ಟಲಿಲ್ಲ; ನಿಮ್ಮ ಹೆಸರು ನಿಲ್ಲುವಂತೆ ನೀವೇ ಧರ್ಮಕಾರ್ಯ ಮಾಡಿಸಿರಿ ಎಂದು ಹಿಂದಕ್ಕೆ ಕಳುಹಿಸಿದಳು. ಗಂಡ ಸತ್ತ ಹೆಂಗಸಿನ ಕೈಯಲ್ಲಿ ಹಣವಿದ್ದರೆ ಎಷ್ಟು ಕಣ್ಣುಗಳು ಅದರ ಮೇಲೆ ಬೀಳುತ್ತವೆಂಬುದನ್ನು ಆಕೆ 1767ರಲ್ಲಿ ತನ್ನ ಮನೆಯಲ್ಲಿಯೇ ಕಂಡಿದ್ದಳಲ್ಲವೆ?

ದಾರಿಗಳ್ಳತನ ಮಾಡುತ್ತಿದ್ದ ಭಿಲ್ಲರನ್ನು ಮೊದಲು ಶಿಕ್ಷಿಸಿ, ಆಮೇಲೆ ಅವರ ಕಾಡುಗಳನ್ನು ಹಾದುಹೋಗುವ ಸರಕಿನ ಮೇಲೆ ಅವರಿಗೆ ಹಿಂದಿನಿಂದ ಸಲ್ಲುತ್ತಿದ್ದ ಸಣ್ಣ ಸುಂಕವನ್ನು ಒಪ್ಪಿಕೊಂಡು, ಅದಕ್ಕೆ ಬದಲಾಗಿ ದಾರಿಯ ರಕ್ಷಣೆಯ ಹೊಣೆಯನ್ನು ಅವರಿಗೇ ಹೊರಿಸಿದಳು. ರಾಮಪುರದ ಚಂದ್ರಾವತ ರಜಪೂತರು ದಂಗೆಯೆದ್ದಾಗ ಮಾತ್ರ ಬಹಳ ಕಠಿಣಳಾಗಿದ್ದಳು.

ಇನ್ನು ಕ್ಷೇತ್ರಗಳ ವಿಷಯ. ಕಾಶಿಯಲ್ಲಿ 1669ರಲ್ಲಿ ಔರಂಗಜೇಬನ ಆಜ್ಞೆಯಿಂದ ಕೆಡವಲ್ಪಟ್ಟ ವಿಶ್ವನಾಥ ದೇವಾಲಯ ನೂರು ವರ್ಷಕ್ಕೂ ಮೀರಿ ಪುನಃ ತಲೆಯೆತ್ತಿರಲಿಲ್ಲ. ಸೈನ್ಯಬಲವುಳ್ಳ ಎಷ್ಟೋ ಸರದಾರರು ಆ ಸಂಕಲ್ಪ ಮಾಡಿ ಕೈಬಿಟ್ಟಿದ್ದರು. ಮಲ್ಹಾರರಾಯನಿಗೂ ಆ ಆಸೆಯಿತ್ತು. ಅಹಲ್ಯಾಬಾಯಿಯು ಜಗಳಕ್ಕೆ ಹೋಗದೆ ಹಳೆಯ ಸ್ಥಾನದ ಪಕ್ಕದಲ್ಲಿಯೇ ಜಾಗ ಪಡೆದು 1780ರ ವೇಳೆಗೆ ಈಗಿರುವ ಗುಡಿಯನ್ನು ಕಟ್ಟಿಸಿಬಿಟ್ಟಳು. ನಾವು ಇಂದು ವಿಶ್ವನಾಥನ ದರ್ಶನ ಪಡೆಯುವುದು ಆ ಗುಡಿಯಲ್ಲಿಯೇ. ಶಿಖರದ ಚಿನ್ನ ಮುಂದಿನ ಶತಮಾನದಲ್ಲಿ ಪಂಜಾಬದ ರಣಜಿತಸಿಂಹನ ಸೇವೆ. 2021ರಲ್ಲಿ ಆ ಆವರಣವನ್ನು ವಿಸ್ತರಿಸಿದಾಗ ಅಲ್ಲಿ ಆಕೆಯ ಪ್ರತಿಮೆಯನ್ನೂ ನಿಲ್ಲಿಸಿದ್ದಾರೆ. ಮಣಿಕರ್ಣಿಕಾ ಘಟ್ಟದ ಜೀರ್ಣೋದ್ಧಾರವೂ ಆಕೆಯದು. ಸೋಮನಾಥದಲ್ಲಿಯೂ ಇದೇ ಜಾಣ್ಮೆ. ಭಗ್ನವಾದ ಗುಡಿಯ ಸಮೀಪದಲ್ಲಿ 1783ರಲ್ಲಿ ಬೇರೆ ಗುಡಿ ಕಟ್ಟಿಸಿ ಲಿಂಗವನ್ನು ನೆಲಮಾಳಿಗೆಯಲ್ಲಿ ಪ್ರತಿಷ್ಠೆ ಮಾಡಿಸಿದಳು.

ಗಯೆಯದು ಇವೆಲ್ಲಕ್ಕಿಂತ ಚೆಲುವಾದ ಕಟ್ಟಡ. ಸುಮಾರು 100 ಅಡಿ ಎತ್ತರದ ಎಂಟು ಮುಖಗಳ ಶಿಖರ, ಸಾಲುಗಂಬಗಳ ಕಗ್ಗಲ್ಲಿನ ಮಂಟಪ, ನಡುವೆ ಬೆಳ್ಳಿಯ ಕಟ್ಟೆಯೊಳಗೆ ಸುಮಾರು 40 ಸೆಂಟಿಮೀಟರ್ ಉದ್ದದ ಶ್ರೀವಿಷ್ಣುಪಾದ. ಪುತ್ರಸಂತಾನವಿಲ್ಲದೆ ಹೋದವರಿಗೂ, ಹೆಸರು ತಿಳಿಯದವರಿಗೂ, ಮನೆಯಲ್ಲಿ ದುಡಿದ ಆಳುಕಾಳುಗಳಿಗೂ ಧರ್ಮಪಿಂಡವಿಡುವ ಪದ್ಧತಿ ಆ ಕ್ಷೇತ್ರದ ವಿಶೇಷ. ಉನ್ಮಾದದಲ್ಲಿ ಸತ್ತ ಮಗನ ತಾಯಿಗೆ ಅದು ಎಷ್ಟು ಹತ್ತಿರದ್ದಾಗಿ ತೋರಿರಬೇಕು!

ದ್ವಾರಕೆ, ಪುರಿ, ಬದರಿ, ರಾಮೇಶ್ವರಗಳಲ್ಲಿ ಧರ್ಮಶಾಲೆಗಳು, ವೇರೂಳಿನ ಘೃಷ್ಣೇಶ್ವರ, ನಮ್ಮ ಗೋಕರ್ಣದಲ್ಲಿಯೂ ಧರ್ಮಛತ್ರ. ದಕ್ಷಿಣದ ಹಲವು ದೇವಾಲಯಗಳಿಗೆ ಅಭಿಷೇಕಕ್ಕೆಂದು ಗಂಗೋದಕದ ಕಾವಡಿಗಳು ಆಕೆಯ ವೆಚ್ಚದಲ್ಲಿ ಹೋಗುತ್ತಿದ್ದುವು. ಪಟ್ಟಿ ಮುಗಿಯುವಂಥದಲ್ಲ. ಆದರೆ ಈ ಲೇಖಕನ ಮನಸ್ಸನ್ನು ಹೆಚ್ಚಾಗಿ ಸೆಳೆದುವು ಸಣ್ಣ ಧರ್ಮಗಳು. ಬೇಸಗೆಯಲ್ಲಿ ದಾರಿಯುದ್ದಕ್ಕೂ ಅರವಟ್ಟಿಗೆಗಳು. ಚಳಿಗಾಲದಲ್ಲಿ ಬಡವರಿಗೆ ಬೆಚ್ಚನೆಯ ಬಟ್ಟೆ. ಮಹೇಶ್ವರದ ಸುತ್ತಲಿನ ಹೊಲಗಳಲ್ಲಿ ಉಳುವ ಎತ್ತುಗಳನ್ನು ನಡುಹಗಲಿನಲ್ಲಿ ನಿಲ್ಲಿಸಿ ಆಕೆಯ ಆಳುಗಳು ನೀರು ಕುಡಿಸುತ್ತಿದ್ದರು. ರೈತರು ಬೆಳೆಗೆ ಬೀಳುವ ಹಕ್ಕಿಗಳನ್ನು ಓಡಿಸುವುದು ಸಹಜವೇ ಸರಿ, ಆದರೆ ಅವು ಎಲ್ಲಿಗೆ ಹೋಗಬೇಕು ಎಂದು ಯೋಚಿಸಿ, ಫಲ ಬಂದ ಹೊಲಗಳನ್ನು ಕೊಂಡು ಹಕ್ಕಿಗಳಿಗಾಗಿಯೇ ಬಿಡಿಸುತ್ತಿದ್ದಳು. ನರ್ಮದೆಯ ಮೀನುಗಳಿಗೂ ನಿತ್ಯ ಆಹಾರ ಸಲ್ಲುತ್ತಿತ್ತು. ಮೊದಲು ಎಲ್ಲರಿಗೂ ಬಡಿಸಿ, ಹಿತ್ತಲಿನ ಹಸುವಿಗೆ ಇಟ್ಟು, ಕಾಗೆಗೆ ಹಾಕಿ, ಕಡೆಗೆ ಉಳಿದುದನ್ನು ತಾನು ಉಣ್ಣುವ ಅಜ್ಜಿಯನ್ನು ನಮ್ಮಲ್ಲಿ ಹಲವರು ಕಂಡಿದ್ದೇವೆ. ಈಕೆಯ ಹಿತ್ತಲು ಸ್ವಲ್ಪ ದೊಡ್ಡದಾಗಿತ್ತು, ಅಷ್ಟೆ.

ಹೊಗಳಿಕೆಯನ್ನು ಸಹಿಸುತ್ತಿರಲಿಲ್ಲ. ಬ್ರಾಹ್ಮಣನೊಬ್ಬನು ಆಕೆಯ ಸ್ತುತಿಯಿಂದ ತುಂಬಿದ ಗ್ರಂಥವೊಂದನ್ನು ರಚಿಸಿ ತಂದು ಓದಿದನು. ತಾಳ್ಮೆಯಿಂದ ಪೂರ್ತಿ ಕೇಳಿ, ಪಾಪಿಯಾದ ಅಬಲೆಯೊಬ್ಬಳಿಗೆ ಇಷ್ಟೊಂದು ಸ್ತೋತ್ರ ಸಲ್ಲದೆಂದು ಹೇಳಿ, ಆ ಗ್ರಂಥವನ್ನು ನರ್ಮದೆಗೆ ಹಾಕಿಸಿದಳು. ಆಮೇಲೆ ಆ ಬ್ರಾಹ್ಮಣನ ವಿಷಯವನ್ನೇ ಎತ್ತಲಿಲ್ಲ.

ಇಷ್ಟು ದೊಡ್ಡ ಸಂಸಾರವನ್ನು ನಡೆಸಿದವಳಿಗೆ ಒಡಲಿನ ಸಂಬಂಧವೆಂದು ಉಳಿದಿದ್ದವಳು ಮಗಳು ಮುಕ್ತಾಬಾಯಿ. ಕಳ್ಳರ ಹಾವಳಿಯನ್ನು ಅಡಗಿಸಿದವನಿಗೆ ಮಗಳನ್ನು ಕೊಡುವೆನೆಂದು ಸಭೆಯಲ್ಲಿ ಸಾರಿ, ಆ ಕಾರ್ಯವನ್ನು ಸಾಧಿಸಿದ ಯಶವಂತರಾವ್ ಫಣಸೆ ಎಂಬ ತರುಣನಿಗೆ ಮದುವೆ ಮಾಡಿಕೊಟ್ಟಳೆಂದು ಕಥೆಯಿದೆ. ಅವರಿಗೆ ಒಬ್ಬ ಮಗ, ನಾಥ್ಯಾಬಾ. ಅಜ್ಜಿಯ ಆಸೆಗಳೆಲ್ಲ ಆ ಹುಡುಗನ ಮೇಲಿದ್ದುವು. 1790ರಲ್ಲಿ ಅವನು ಕಾಯಿಲೆಯಿಂದ ಸತ್ತನು. ವರ್ಷ ತಿರುಗುವುದರೊಳಗೆ, 1791ರಲ್ಲಿ, ಅವನ ತಂದೆ ಯಶವಂತರಾಯನೂ ಹೋದನು. ಮುಕ್ತಾಬಾಯಿ ಸಹಗಮನ ಮಾಡುವೆನೆಂದಳು.

ಈಗ ಅರವತ್ತಾರು ವರ್ಷದ ಅಹಲ್ಯಾಬಾಯಿ ಮಗಳ ಕಾಲಿಗೆ ಬಿದ್ದಳು. ಮೂವತ್ತೇಳು ವರ್ಷಗಳ ಹಿಂದೆ ಮಲ್ಹಾರರಾಯನು ತನ್ನನ್ನು ಬೇಡಿದಂತೆಯೇ ಆಕೆ ಮಗಳನ್ನು ಬೇಡಿಕೊಂಡಳು. ತನ್ನನ್ನು ಒಂಟಿಯಾಗಿ ಬಿಟ್ಟುಹೋಗಬೇಡವೆಂದಳು. ಮಗಳು ಶಾಂತಳಾಗಿಯೇ, ಆದರೆ ನಿಶ್ಚಯವಾಗಿ ಉತ್ತರ ಕೊಟ್ಟಳು. ತಾಯಿಗೆ ವಯಸ್ಸಾಗಿದೆ, ಆ ಪುಣ್ಯಜೀವನ ಇನ್ನು ಕೆಲವೇ ವರ್ಷಗಳಲ್ಲಿ ಮುಗಿಯುವುದು. ಮಗನೂ ಗಂಡನೂ ಹೋದ ತನಗೆ ತಾಯಿಯೂ ಹೋದ ಮೇಲೆ ಬದುಕು ದುಸ್ಸಹವಾಗುವುದು. ಈಗ ಹೋದರೆ ಗೌರವದಿಂದಲಾದರೂ ಹೋಗಬಹುದು. ರಾಜ್ಯವೆಲ್ಲ ಯಾರ ಮಾತಿಗೆ ತಲೆಬಾಗುತ್ತಿತ್ತೋ ಆಕೆಯ ಮಾತು ಮಗಳ ಮುಂದೆ ನಡೆಯಲಿಲ್ಲ. ಅಧಿಕಾರದಿಂದ ತಡೆಯಬಹುದಾಗಿತ್ತಲ್ಲ ಎಂದು ಇಂದು ನಮಗೆ ಅನಿಸುತ್ತದೆ. ಆ ಪದ್ಧತಿಯನ್ನು ಕಾನೂನಿನಿಂದ ನಿಷೇಧಿಸಿದುದು 1829ರಲ್ಲಿ. ಅದಕ್ಕೆ ಮೊದಲು ತಡೆಯಲು ಇದ್ದ ಸಾಧನ ಕಣ್ಣೀರೊಂದೇ. ಒಮ್ಮೆ ಅದು ಫಲಿಸಿತ್ತು, ಇನ್ನೊಮ್ಮೆ ಫಲಿಸಲಿಲ್ಲ.

ಆಕೆ ಮೆರವಣಿಗೆಯೊಡನೆ ನಡೆದು ಹೋಗಿ ಚಿತೆಯ ಬಳಿ ನಿಂತಳು. ಇಬ್ಬರು ಬ್ರಾಹ್ಮಣರು ಎರಡು ತೋಳುಗಳನ್ನು ಹಿಡಿದುಕೊಂಡಿದ್ದರು. ಜ್ವಾಲೆ ಏಳುವವರೆಗೂ ಧೈರ್ಯದಿಂದಿದ್ದವಳು, ಎದ್ದ ಮೇಲೆ ಹಿಡಿದವರ ಕೈಗೆ ಸಿಕ್ಕದೆ ಹೊರಳಾಡಿ ಚೀರಿ, ಬಿಡಿಸಿಕೊಳ್ಳಲಾರದ ತನ್ನ ಕೈಗಳನ್ನೇ ಕಚ್ಚಿಕೊಂಡಳು. ಆಮೇಲೆ ನರ್ಮದೆಯಲ್ಲಿ ಸ್ನಾನ ಮಾಡಿ ಅರಮನೆಗೆ ಹೋಗಿ ಮೂರು ದಿನ ಅನ್ನವಿಲ್ಲದೆ, ಮಾತಿಲ್ಲದೆ ಕುಳಿತಳು. ನಾಲ್ಕನೆಯ ದಿನದಿಂದ ರಾಜಕಾರ್ಯ ನಡೆಯಿತೆ, ತಡವಾಯಿತೆ ಎಂಬುದನ್ನು ಯಾರೂ ಬರೆದಿಲ್ಲ. ಮಗಳು ಅಳಿಯಂದಿರ ನೆನಪಿಗೆ ಮಹೇಶ್ವರದಲ್ಲಿ ಒಂದು ಸುಂದರವಾದ ಸ್ಮಾರಕವನ್ನು ಕಟ್ಟಿಸುವುದರಲ್ಲಿ ಸ್ವಲ್ಪ ಸಮಾಧಾನ ಕಂಡಳೆಂದು ಮಾತ್ರ ತಿಳಿದಿದೆ.

ಮುಂದೆ ನಾಲ್ಕು ವರ್ಷ ಬದುಕಿದಳು. ವ್ರತೋಪವಾಸಗಳನ್ನು ಕಡಿಮೆ ಮಾಡಲಿಲ್ಲ. ಶಾಲಿವಾಹನ ಶಕ 1717, ರಾಕ್ಷಸ ಸಂವತ್ಸರದ ಶ್ರಾವಣ ಕೃಷ್ಣ ಚತುರ್ದಶಿಯಂದು, ಎಂದರೆ 1795ರ ಆಗಸ್ಟ್ 13ರಂದು, ಎಪ್ಪತ್ತನೆಯ ವಯಸ್ಸಿನಲ್ಲಿ ಮಹೇಶ್ವರದಲ್ಲಿ ದೇಹತ್ಯಾಗ ಮಾಡಿದಳು. ಉತ್ತರದೇಶದವರು ಹುಣ್ಣಿಮೆಗೆ ಮಾಸವನ್ನು ಮುಗಿಸುವುದರಿಂದ ಅವರ ಲೆಕ್ಕಕ್ಕೆ ಅದು ಭಾದ್ರಪದ ಕೃಷ್ಣ ಚತುರ್ದಶಿ. ಇಂದೂರಿನಲ್ಲಿ ಅಂದು ಆಕೆಯ ಪಲ್ಲಕ್ಕಿ ಉತ್ಸವ ನಡೆಯುತ್ತದೆ. ಆ ಊರಿಗೆ ಹೋಗಿ ನೆಲಸಿರುವ ನಮ್ಮವರು ತಿಥಿಯನ್ನು ವಿಚಾರಿಸುವಾಗ ಇದನ್ನು ಗಮನದಲ್ಲಿಡಬೇಕು.

ತುಕೋಜಿಯು 1797ರಲ್ಲಿ ತೀರಿಕೊಂಡನು. ಅವನ ಮಕ್ಕಳು ಗದ್ದುಗೆಗಾಗಿ ಹೊಡೆದಾಡಿದರು. 1801ರಲ್ಲಿ ಶಿಂದೆಯ ಸೈನ್ಯ ಇಂದೂರನ್ನು ಸೂರೆಮಾಡಿತು. 1818ರ ಮಂದಸೌರದ ಒಪ್ಪಂದದಿಂದ ರಾಜ್ಯ ಇಂಗ್ಲಿಷರ ಅಂಕಿತಕ್ಕೆ ಬಂದು, 1948ರಲ್ಲಿ ಮಧ್ಯಭಾರತದಲ್ಲಿ ಸೇರಿಹೋಯಿತು. ದೌಲತ್ತು ಹೀಗೆ ಮುಗಿಯಿತು. ಖಾಸಗಿಯ ಲೆಕ್ಕ ಮಾತ್ರ ಬೇರೆಯಾಗಿಯೇ ಉಳಿದುಬಂದು, ಆಕೆಯ ಹೆಸರಿನ ಆ ಧರ್ಮಗಳನ್ನು ನಡೆಸಲು 1962ರಲ್ಲಿ ಇಂದೂರಿನಲ್ಲಿ ಒಂದು ಧರ್ಮಸಂಸ್ಥೆ ಏರ್ಪಟ್ಟಿತು. ಮಹೇಶ್ವರದ ಅರಮನೆಯಲ್ಲಿ ನರ್ಮದೆಯ ಮಣ್ಣಿನಿಂದ ಪಾರ್ಥಿವಲಿಂಗಗಳನ್ನು ಮಾಡಿ, ಅರ್ಚಿಸಿ, ಮತ್ತೆ ನದಿಗೆ ಬಿಡುವ ಲಿಂಗಾರ್ಚನೆಯ ಸೇವೆ ಆಕೆಯ ಕಾಲದಿಂದ ನಡೆದುಬಂದಿದೆ.